ಸತ್ತವರ ಪಾಲಿನ ಗೋಧಿ

ಯಾಶ್, 9 ಅಕ್ಟೋಬರ್ 2016

ಅಕ್ಕಾ,

ನೀನು ಸನ್ಯಾಸಿನಿಯಾದ ಮೇಲೆ ಮಠದಲ್ಲಿ ಎಲ್ಲರೂ ನಿನ್ನನ್ನು ತಾಯಿ ಎವ್ಲಾಂಪಿಯಾ ಅನ್ನುತ್ತಾರೆ. ನಾನು ಮಾತ್ರ ಅಕ್ಕ ಅಂತಲೇ ಬರೆಯುವವಳು. ಹಿರಿಯಮ್ಮನವರು ಪತ್ರ ಒಡೆದು ಓದಿದರೆ ಓದಲಿ, ನನ್ನ ಅಕ್ಕನನ್ನು ಅಕ್ಕ ಅನ್ನುವುದಕ್ಕೆ ಅಪ್ಪಣೆ ಬೇಡ.

ಪಥ್ಯದ ಓದಿನ ಮೂರನೆಯ ವರ್ಷ ಶುರುವಾಯಿತು. ಇದೇ ಕೊನೆಯ ವರ್ಷ. ಮೊದಲ ದಿನ ಹೊಸ ಹುಡುಗನೊಬ್ಬ ನನ್ನನ್ನು ಬಾಗಿಲಲ್ಲೇ ತಡೆದು, "ಆಂಟೀ, ಯಾರ ಅಮ್ಮ ನೀವು? ಮಕ್ಕಳ್ನ ಬಿಡೋಕೆ ಬಂದವರು ಹೊರಗೇ ನಿಂತ್ಕೋಬೇಕು" ಅಂದ. ಪಕ್ಕದಲ್ಲಿದ್ದ ಇಲಿಂಕಾ, ನನ್ನ ಜೊತೆ ಬೆಂಚಿನಲ್ಲಿ ಕೂರುವ ಹುಡುಗಿ, "ಲೋ, ಇವರು ನಮ್ಮ ಕ್ಲಾಸಿನವರು ಕಣೋ. ರಸಾಯನಶಾಸ್ತ್ರದಲ್ಲಿ ನಿನಗಿಂತ ಜಾಸ್ತಿ ಸಲ ಫೇಲಾಗಿ ಪಾಸಾದವರು" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಜ ತಾನೇ.

ಐವತ್ತು ವರ್ಷಕ್ಕೆ ಇದೆಲ್ಲ ಯಾಕೆ ಅಂತ ನೀನು ಎರಡು ವರ್ಷದಿಂದ ಕೇಳುತ್ತಿದ್ದೀಯ. ಅಮ್ಮನ ಎರಡು ಕಾಲನ್ನೂ ಸಕ್ಕರೆ ಕಾಯಿಲೆ ತೆಗೆದುಕೊಂಡಿತು. ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು: ಸಿಹಿ ಬೇಡ, ಬ್ರೆಡ್ಡು ಕಡಿಮೆ. ಜೋಳದ ಮುದ್ದೆ ಎಷ್ಟು ತಿನ್ನಬಹುದು, ಉಪವಾಸದ ದಿನ ಏನು ಮಾಡಬೇಕು, ಯಾರೂ ಕೂತು ಹೇಳಲಿಲ್ಲ. ಮಣ್ಣು ಮಾಡಿ ಬಂದ ದಿನ ನಾನು ದೇವಮಾತೆಯ ಮುಂದೆ ಹೇಳಿದೆ, ನಮ್ಮ ಊರಿನ ಕಡೆಗೆ ಕೂತು ಹೇಳುವ ಒಬ್ಬಳು ಬೇಕು, ಬೇರೆ ಯಾರೂ ಬರದಿದ್ದರೆ ನಾನೇ ಆಗುತ್ತೇನೆ ಅಂತ. ಅದಕ್ಕೇ ಶಿಶುವಿಹಾರದ ಅಡುಗೆ ಕೆಲಸದ ಜೊತೆ ಸಂಜೆ ಶಾಲೆಗೆ ಹೋದದ್ದು, ಅದಕ್ಕೇ ಇಲ್ಲಿಗೆ ಬಂದದ್ದು.

ಫೆಬ್ರವರಿಯಿಂದ ಆಸ್ಪತ್ರೆಯ ಸಕ್ಕರೆ ಕಾಯಿಲೆ ವಾರ್ಡಿನಲ್ಲಿ ತರಬೇತಿ. ಅಲ್ಲಿನ ಪಥ್ಯದ ವಿಭಾಗ ನೋಡಿಕೊಳ್ಳುವ ಲಾವಿನಿಯಾ ಮೇಡಂ ಸಹಿ ಹಾಕಿದರೆ ಮಾತ್ರ ಜುಲೈಯಲ್ಲಿ ಕೊನೆಯ ಪರೀಕ್ಷೆ. ಅದಾದ ಮೇಲೆ ನಾನು ಸರ್ಕಾರಿ ಪಟ್ಟಿಯಲ್ಲಿ ಹೆಸರಿರುವ ಡಯಟಿಷಿಯನ್. ನಮ್ಮ ಊರಿನ ದವಾಖಾನೆಯವರು ಬಾ ಅಂದಿದ್ದಾರೆ. ಆಶೀರ್ವಾದ ಮಾಡು. ಬೈದಾದರೂ ಮಾಡು.

ಪ್ರೊಫಿರಾ


ಬ್ರಾಡೂಲ್ ಮಠ, 22 ನವೆಂಬರ್ 2016

ತಂಗೀ ಪ್ರೊಫಿರಾ,

ಬೈದೇ ಆಶೀರ್ವಾದ ಮಾಡುತ್ತಿದ್ದೇನೆ. ಹೊಟ್ಟೆಗೆ ಏನು ಹಾಕಬೇಕು ಅಂತ ಹೇಳಲು ಮೂರು ವರ್ಷದ ಓದು! ಚರ್ಚಿನ ಪಂಚಾಂಗ ಗೋಡೆಯ ಮೇಲೇ ಇದೆ: ಬುಧವಾರ ಇಲ್ಲ, ಶುಕ್ರವಾರ ಇಲ್ಲ, ಈಗ ಕ್ರಿಸ್ಮಸ್ಸಿನ ಉಪವಾಸ, ಮಾಂಸ ಹಾಲು ಮೊಟ್ಟೆ ಇಲ್ಲ. ಅದನ್ನು ಪಾಲಿಸಿದವರು ನೂರು ವರ್ಷ ಬದುಕಿದ್ದಾರೆ.

ನನ್ನ ಬಗ್ಗೆ ಹೇಳುವುದೇನಿದೆ, ಅಡುಗೆಮನೆ, ಚರ್ಚು, ಅಡುಗೆಮನೆ. ಈ ವರ್ಷ ಹುದುಗು ಹಾಕಿದ ಎಲೆಕೋಸಿಗೆ ಉಪ್ಪು ಜಾಸ್ತಿಯಾಯಿತೋ ಏನೋ, ಎಷ್ಟು ನೀರು ಕುಡಿದರೂ ಬಾಯಿ ಆರುತ್ತದೆ. ಪ್ರಾರ್ಥನೆಯ ಮಧ್ಯೆ ಎದ್ದು ಹೋಗುತ್ತೇನೆ ಅಂತ ಹಿರಿಯಮ್ಮನವರಿಗೆ ಸಿಟ್ಟು. ಮೊನ್ನೆ ಒಲೆಯ ಕೆಂಡ ಸಿಡಿದು ಬಲಗಾಲಿನ ಮೇಲೆ ಬಿದ್ದಿದೆ, ನನಗೆ ಗೊತ್ತೇ ಆಗಿಲ್ಲ. ಉಣ್ಣೆಯ ಕಾಲುಚೀಲ ಸುಟ್ಟ ವಾಸನೆ ಬಂದ ಮೇಲೆ ನೋಡಿಕೊಂಡೆ. ದೇವರ ಸೇವೆಯಲ್ಲಿ ದೇಹ ಮರೆತುಹೋಗುತ್ತದೆ ಅಂತ ಹಿಂದಿನವರು ಹೇಳಿದ್ದು ಸುಳ್ಳಲ್ಲ, ನೋಡು.

ಶನಿವಾರಗಳಲ್ಲಿ ಸತ್ತವರ ಹೆಸರಿನಲ್ಲಿ ಜನ ತರುವ ಕೊಲಿವಾ ಈ ವರ್ಷ ರಾಶಿ ರಾಶಿ. ಬೇಯಿಸಿದ ಗೋಧಿ, ಅದಕ್ಕೆ ಸಮಸಮ ಸಕ್ಕರೆ, ಅಕ್ರೋಟು, ಮೇಲೆ ಬೆರಳು ದಪ್ಪ ಸಕ್ಕರೆ ಪುಡಿ. ನಮ್ಮ ಅಮ್ಮ ಹಾಕುತ್ತಿದ್ದದ್ದು ಒಂದು ಹಿಡಿ, ಈಗಿನ ಸೊಸೆಯರು ಒಂದು ಚೀಲ. ಪಾದ್ರಿ ಮಂತ್ರಿಸಿಕೊಟ್ಟ ಅನ್ನ, ಎಸೆಯುವಂತಿಲ್ಲ. "ಕೋಳಿಗೆ ಹಾಕೋಣ್ವಾ ತಾಯೀ?" ಅಂತ ಹೊಸದಾಗಿ ಸೇರಿದವಳೊಬ್ಬಳು ಕೇಳಿದಳು. "ನಿನ್ನ ಅಜ್ಜಂದು ಕೋಳೀಗೆ ಹಾಕು, ಬೇರೆಯವರ ಅಜ್ಜಂದು ಹಾಕ್ಬೇಡ" ಅಂದೆ. ಉಳಿದದ್ದನ್ನು ನಾನೇ ಮುಗಿಸುತ್ತೇನೆ. ಅಡುಗೆಮನೆಯವಳ ಸೇವೆ ಅದು.

ಎವ್ಲಾಂಪಿಯಾ


ಯಾಶ್, 12 ಫೆಬ್ರವರಿ 2017

ಅಕ್ಕಾ,

ಹಿಮ ಬಿದ್ದು ದಾರಿ ಮುಚ್ಚಿತ್ತು, ಕ್ರಿಸ್ಮಸ್ಸಿಗೆ ಬರಲಾಗಲಿಲ್ಲ. ಆಗ ನೀನು ಕಳಿಸಿದ ಎರಡು ಸಾಲಿನ ಕಾರ್ಡು ನೋಡಿ ನೊಂದುಕೊಂಡೆ. ಅಷ್ಟು ದೊಡ್ಡ ದೊಡ್ಡ ಅಕ್ಷರದಲ್ಲಿ, ಊರಾಚೆ ನಿಂತು ಕೂಗಿದ ಹಾಗೆ ಬರೆದಿದ್ದೀಯ. ಬರಲಿಲ್ಲ ಅಂತ ಅಷ್ಟು ಸಿಟ್ಟೇ?

ವಾರ್ಡಿನ ಕೆಲಸ ಶುರುವಾಗಿದೆ. ಬೆಳಿಗ್ಗೆ ಒಬ್ಬೊಬ್ಬರ ಹಾಸಿಗೆಯ ಪಕ್ಕ ಕೂತು ನಿನ್ನೆ ಏನು ತಿಂದಿರಿ ಅಂತ ಕೇಳಿ ಬರೆಯಬೇಕು. ಅದನ್ನು ನೋಡಿಕೊಂಡೇ ಡಾಕ್ಟರು ಇನ್ಸುಲಿನ್ ಎಷ್ಟು ಅಂತ ತೀರ್ಮಾನಿಸುವುದು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸಾಫ್ತಾ ಅಂತ ಒಬ್ಬ ಅಜ್ಜಿ. ಗಂಡ ಇಲ್ಲ, ಮಗ ಟ್ರ್ಯಾಕ್ಟರ್ ಮಗುಚಿ ಹೋದ, ಇರುವುದು ಸೊಸೆ. ನಾನು ಕೂತ ಕೂಡಲೇ, "ಏನಮ್ಮಾ, ಪೊಲೀಸ್ನೋಳಾ ನೀನು? ನಿನ್ನೆ ಏನ್ ತಿಂದೆ, ಮೊನ್ನೆ ಏನ್ ತಿಂದೆ. ನಲವತ್ತು ವರ್ಷದಲ್ಲಿ ನನ್ ಗಂಡನೇ ಒಂದು ದಿನಾನೂ ಕೇಳ್ಲಿಲ್ಲ!" ಅಂದಳು.

"ಅದಕ್ಕೇ ನಾನು ಕೇಳ್ತಿರೋದು ಅಜ್ಜೀ. ಹೇಳಿ, ಮುದ್ದೆ ಎಷ್ಟು ದೊಡ್ಡದು?"

ಅವಳು ಮುಷ್ಟಿ ತೋರಿಸಿದಳು. ಆಮೇಲೆ ನನ್ನ ಮುಖ ನೋಡಿ ಎರಡನೆಯ ಮುಷ್ಟಿಯನ್ನೂ ಪಕ್ಕಕ್ಕಿಟ್ಟಳು. ಅಲ್ಲಿಗೆ ನಾವು ಸ್ನೇಹಿತರಾದೆವು.

ಬೇರೆ ಹುಡುಗಿಯರಿಗೆ ಸುಳ್ಳು ಹೇಳುವವರು ನನಗೆ ನಿಜ ಹೇಳುತ್ತಾರೆ. "ಅವರು ನಿಮ್ಮನ್ನ ತಮ್ಮವರು ಅಂದ್ಕೊಂಡಿದ್ದಾರೆ, ಪ್ರೊಫಿರಾ. ಅದು ಒಳ್ಳೇದು. ಆದ್ರೆ ಹುಷಾರು" ಅಂದರು ಲಾವಿನಿಯಾ ಮೇಡಂ. ಹುಷಾರು ಯಾಕೆ ಅಂತ ಅರ್ಥವಾಗಲಿಲ್ಲ.

ಪ್ರೊಫಿರಾ


ಬ್ರಾಡೂಲ್ ಮಠ, 20 ಫೆಬ್ರವರಿ 2017

ತಂಗೀ,

ಸಿಟ್ಟು ಗಿಟ್ಟು ಏನೂ ಇಲ್ಲ. ಇಲ್ಲಿನ ದೀಪ ಮಂಕು, ಕನ್ನಡಕ ಹಳೆಯದು, ಅಕ್ಷರ ದೊಡ್ಡದಾಗುತ್ತದೆ. ನಿನ್ನ ಪತ್ರವನ್ನು ಒರೆಸಿ ಒರೆಸಿ ಓದಿದೆ.

ಮೊನ್ನೆ ಸತ್ತ ಹಿರಿಯರ ಶನಿವಾರ. ಎಷ್ಟು ಜನ, ಎಷ್ಟು ಬೋಗುಣಿ! ಮೂರು ದಿನದಿಂದ ಅಡುಗೆಮನೆಯಲ್ಲಿ ಗೋಧಿಯೇ ಗೋಧಿ. ನಾನು ಬೇರೇನೂ ಮುಟ್ಟಿಲ್ಲ, ಹುಳಿ ಸಾರು ಕೂಡ ಇಲ್ಲ. ಹೀಗಿದ್ದೂ ಮೈ ಭಾರ, ಆದರೆ ಬಟ್ಟೆ ಸಡಿಲ. ವಯಸ್ಸು.

ಎವ್ಲಾಂಪಿಯಾ


ಯಾಶ್, 13 ಮಾರ್ಚ್ 2017

ಅಕ್ಕಾ,

ಇಲ್ಲಿ ಎಲ್ಲ ಚೆನ್ನಾಗಿದೆ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗಿ ವಾರ್ಡಿನಲ್ಲಿ ಅರ್ಧ ಜನ ಹಾಲು ಮೊಟ್ಟೆ ಮುಟ್ಟುವುದಿಲ್ಲ. ಅವರಿಗೆ ಬೇಳೆಯಲ್ಲಿ, ಅಣಬೆಯಲ್ಲಿ ಹೇಗೆ ಸರಿದೂಗಿಸುವುದು ಅಂತ ನನ್ನನ್ನೇ ಕೇಳುತ್ತಾರೆ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಪಾದ್ರಿ ಗವ್ರಿಲ್ ಅವರನ್ನು ಕೇಳಿ ಹೇಳು. ಯಾರಾದರೂ ಸತ್ತವರ ಹೆಸರಿನಲ್ಲಿ ಕೊಲಿವಾ ಕೊಟ್ಟಾಗ, ಅದನ್ನು ಕೈಯಲ್ಲಿ ತೆಗೆದುಕೊಂಡು 'ದೇವರು ಅವರನ್ನು ಕ್ಷಮಿಸಲಿ' ಅಂತ ಹೇಳಿ, ತಿನ್ನದೆ ಬಿಟ್ಟರೆ ಸತ್ತವರಿಗೆ ಸಲ್ಲುತ್ತದೆಯೇ? ಕೊಟ್ಟವರಿಗೆ ಅವಮಾನವೇ? ಸುಮ್ಮನೆ ಕೇಳುತ್ತಿದ್ದೇನೆ, ಓದಿಗೆ ಬೇಕು.

ಪ್ರೊಫಿರಾ


ಬ್ರಾಡೂಲ್ ಮಠ, 22 ಮಾರ್ಚ್ 2017

ಪ್ರೊಫಿರಾ,

ಪಾದ್ರಿಯವರನ್ನು ಕೇಳಲಿಲ್ಲ. ಕೇಳಲು ನಾಚಿಕೆಯಾಯಿತು. ಇದೇನಾ ನಿನ್ನ ಓದು? ಮೊದಲು ಬದುಕಿರುವವರ ತಟ್ಟೆಗೆ ಕೈ ಹಾಕಿದಿರಿ, ಈಗ ಸತ್ತವರ ತಟ್ಟೆಗೆ. ಅಮ್ಮನ ನಲವತ್ತನೆಯ ದಿನ ಇಡೀ ಊರಿಗೆ ಹಂಚಲು ಗೋಧಿ ಆರಿಸಿದ ಕೈ ನಿನ್ನದೇ. ಅಂದು ಯಾರಾದರೂ 'ಬೇಡ, ನನಗೆ ಪಥ್ಯ' ಅಂದಿದ್ದರೆ ನೀನು ಅವರ ಮುಖ ನೋಡುತ್ತಿದ್ದೆಯಾ?

ನಾನು ಪ್ರತಿ ಶನಿವಾರ ಯಾರ್ಯಾರದೋ ಅಪ್ಪ, ಯಾರ್ಯಾರದೋ ಮಗು, ಎಲ್ಲರ ಹೆಸರಿನಲ್ಲೂ ತಿನ್ನುತ್ತೇನೆ. ಬಟ್ಟಲು ಬಟ್ಟಲು ತಿನ್ನುತ್ತೇನೆ. ನನ್ನ ಬಾಯಿಚಪಲಕ್ಕಲ್ಲ, ಅವರಿಗಾಗಿ. ಅದನ್ನೂ ಲೆಕ್ಕ ಕೇಳುತ್ತೀಯಾ? ನಿನ್ನ ಆ ಮೇಡಂಗೆ ಹೇಳು, ಇಲ್ಲೊಬ್ಬಳು ಮುದುಕಿ ಹಾಗೆ ತಿಂದೂ ಒಲೆಯ ಮುಂದೆ ನಿಂತಿದ್ದಾಳೆ ಅಂತ. ಚಳಿ ಹೋದರೂ ಬಲಗಾಲಿನ ಬೆರಳು ತಣ್ಣಗಿದೆ, ಕಂಬಳಿಯ ಬೂಟು ಬಿಚ್ಚಿಲ್ಲ, ಆದರೂ ನಿಂತಿದ್ದೇನೆ.

ಈ ಬಗೆಯ ಪ್ರಶ್ನೆ ಇದ್ದರೆ ಇನ್ನು ಬರೆಯಬೇಡ.

ಎ.


ಯಾಶ್, 1 ಏಪ್ರಿಲ್ 2017

ಅಕ್ಕಾ,

ಬರೆಯುತ್ತೇನೆ. ನೀನು ಹರಿದು ಹಾಕಿದರೂ ಬರೆಯುತ್ತೇನೆ. ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ.

ಇಲ್ಲಿ ಎಲ್ಲ ಚೆನ್ನಾಗಿಲ್ಲ. ಉಪವಾಸದ ಮೊದಲ ಶನಿವಾರ ಸಾಫ್ತಾ ಅಜ್ಜಿಯ ಸೊಸೆ ಚರ್ಚಿನಿಂದ ನೇರ ಕೊಲಿವಾ ತಂದಳು. ಅಜ್ಜಿ ಮಗನ ಹೆಸರಿನಲ್ಲಿ ವಾರ್ಡಿಗೆಲ್ಲ ಹಂಚಿ, ಉಳಿದದ್ದನ್ನು ತಾನು ತಿಂದಳು. ನನಗೂ ಒಂದು ಲೋಟದ ತುಂಬ ಕೊಟ್ಟಳು. ಇಬ್ಬರೂ 'ದೇವರು ಅವನನ್ನು ಕ್ಷಮಿಸಲಿ' ಅಂದೆವು, ಇಬ್ಬರೂ ಸ್ವಲ್ಪ ಅತ್ತೆವು. ಆಮೇಲೆ ನಾನು ಕಣ್ಣೊರೆಸಿಕೊಂಡು, ಪೆನ್ನು ತೆಗೆದು, 'ಆಸ್ಪತ್ರೆಯ ಊಟ ಬಿಟ್ಟು ಬೇರೇನೂ ಇಲ್ಲ' ಅಂತ ಬರೆದೆ.

ಅವಳೂ ಸುಳ್ಳು ಹೇಳಲಿಲ್ಲ ಅಕ್ಕಾ, ನಾನೂ ಬೇಕಂತ ಸುಳ್ಳು ಬರೆಯಲಿಲ್ಲ. ಅದು ಊಟ ಅಂತ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಚರ್ಚಿನ ಮೆಟ್ಟಿಲು ಹತ್ತದ ಇಲಿಂಕಾ ಅಲ್ಲಿ ಕೂತಿದ್ದರೆ ಬರೆದಿರುತ್ತಿದ್ದಳು.

ಸಕ್ಕರೆ ಏರಿತು. ಕಾರಣ ಕಾಣದೆ ಡಾಕ್ಟರು ಭಾನುವಾರ ಇನ್ಸುಲಿನ್ ಹೆಚ್ಚಿಸಿದರು. ಸೋಮವಾರ ಕೊಲಿವಾ ಇಲ್ಲ, ಉಪವಾಸದ ತೆಳು ಸಾರು ಮಾತ್ರ, ಇನ್ಸುಲಿನ್ ಮಾತ್ರ ಹೆಚ್ಚು. ಮಧ್ಯಾಹ್ನ ನಾನು ಮಾತಾಡಿಸುತ್ತಿದ್ದಂತೆಯೇ ಸಕ್ಕರೆ ಕುಸಿದು ಅವಳ ಮೈ ಬೆವೆತು, ಕಣ್ಣು ಮೇಲಾಯಿತು. ನನ್ನ ಕೈ ಹಿಡಿದುಕೊಂಡೇ ಪ್ರಜ್ಞೆ ತಪ್ಪಿದಳು. ರಕ್ತನಾಳಕ್ಕೆ ಗ್ಲೂಕೋಸ್ ಹಾಕಿ ವಾಪಸ್ ಕರೆತಂದರು. ದೇವರು ಉಳಿಸಿದ.

ಲಾವಿನಿಯಾ ಮೇಡಂ ನನ್ನನ್ನು ಕರೆದರು. ನನಗಿಂತ ಹದಿನಾರು ವರ್ಷ ಚಿಕ್ಕವರು.

"ಅವರು ತಿಂದಿದ್ದನ್ನ ನೀವು ನೋಡಿದ್ರಾ?"

"ನೋಡಿದ್ದೆ ಮೇಡಂ. ನಾನೂ ತಿಂದೆ."

"ಮತ್ತೆ ಯಾಕ್ ಬರೀಲಿಲ್ಲ?"

"ಅದು ಅವರ ಮಗನ ಪಾಲಿಂದು, ಮೇಡಂ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಲು ಮಗಂದೇ ಇರ್ಬಹುದು. ಸಕ್ಕರೆ ಸೇರಿದ್ದು ತಾಯಿ ರಕ್ತಕ್ಕಲ್ವಾ?" ಅಂದರು. ಸಹಿ ತಡೆದಿದ್ದಾರೆ. ಹೊಸದಾಗಿ ತರಬೇತಿ ಮಾಡಬೇಕು, ಮೇ ಕೊನೆಯವರೆಗೆ, ಒಂದು ಶನಿವಾರವೂ ತಪ್ಪದೆ. ತಪ್ಪಿದರೆ ಈ ವರ್ಷ ಪರೀಕ್ಷೆ ಇಲ್ಲ. ಬೇರೆ ವಾರ್ಡು ಬೇಕಾ ಅಂತ ಕೇಳಿದರು. ಬೇಡ, ಅದೇ ಹಾಸಿಗೆಯ ಪಕ್ಕ ಕೂರುತ್ತೇನೆ ಅಂದೆ. ನಿನ್ನನ್ನು ಕೇಳಿದ ಆ ಪ್ರಶ್ನೆ ಸಾಫ್ತಾ ಅಜ್ಜಿಗಾಗಿ.

ಇಲ್ಲಿಯವರೆಗೆ ಬರೆದು, ನಿನ್ನ ಸಿಟ್ಟಿಗೆ ಸರಿಯಾಗಿ ಉತ್ತರ ಕೊಡೋಣ ಅಂತ ನಿನ್ನ ಹಳೆಯ ಪತ್ರಗಳನ್ನು ತೆಗೆದೆ. ಬಾಯಿ ಆರುವುದು. ಪ್ರಾರ್ಥನೆಯ ಮಧ್ಯೆ ಏಳುವುದು. ಕೆಂಡ ಬಿದ್ದರೂ ಗೊತ್ತಾಗದ ಕಾಲು. ಸಡಿಲವಾದ ಬಟ್ಟೆ. ತಣ್ಣಗಿನ ಬೆರಳು. ಆ ಕೂಗುವ ಅಕ್ಷರ. ಯಾರೋ ರೋಗಿ ಹೀಗೆ ಹೇಳಿದ್ದರೆ ನಾನು ಮೊದಲ ಮಾತಿಗೇ ಎದ್ದು ಡಾಕ್ಟರನ್ನು ಕರೆಯುತ್ತಿದ್ದೆ. ನೀನು ಹೇಳಿದ್ದಕ್ಕೆ ನೊಂದುಕೊಂಡು ಕೂತೆ.

ಅಕ್ಕಾ, ಬಲಗಾಲಿನ ಬೂಟು ಬಿಚ್ಚು. ಕಾಲುಚೀಲವನ್ನೂ ಬಿಚ್ಚು. ಬೆರಳು ಯಾವ ಬಣ್ಣ ಇದೆ ನೋಡು. ಹಿರಿಯಮ್ಮನವರಿಗೆ ಈಗ ತಾನೇ ಫೋನ್ ಮಾಡಿ ಹೇಳಿದ್ದೇನೆ, ನೀನು ಬಿಚ್ಚದಿದ್ದರೆ ಅವರು ಬಿಚ್ಚಿಸುತ್ತಾರೆ. ಮಠದ ಕಡೆಯ ಬಸ್ಸು ಇರುವುದು ಶುಕ್ರವಾರ ಮಾತ್ರ. ಆ ಬಸ್ಸಿಗೆ ಬರುತ್ತೇನೆ. ಶನಿವಾರ ತಪ್ಪುತ್ತದೆ. ತಪ್ಪಲಿ. ಪರೀಕ್ಷೆ ಮುಂದಿನ ವರ್ಷವೂ ಇರುತ್ತದೆ. ಅಮ್ಮನ ಕೊಳೆತ ಕಾಲು ತೊಳೆದ ಕೈಯಲ್ಲಿ ನಿನ್ನ ಕಾಲನ್ನೂ ಹಾಗೆ ತೊಳೆಯಲಾರೆ.

ಪ್ರೊಫಿರಾ


ಜಿಲ್ಲಾ ಆಸ್ಪತ್ರೆ, 5 ಏಪ್ರಿಲ್ 2017

ತಂಗೀ,

ಬಸ್ಸು ಹತ್ತಬೇಡ.

ಹಿರಿಯಮ್ಮನವರು ಅಡುಗೆಮನೆಗೇ ಬಂದು, ಎಲ್ಲರ ಮುಂದೆ, "ಎವ್ಲಾಂಪಿಯಾ, ಕೂತ್ಕೊ. ಕಾಲು ಚಾಚು" ಅಂದರು. "ಸಾರು ಉಕ್ತದೆ ತಾಯೀ" ಅಂದೆ. "ಉಕ್ಲಿ" ಅಂದರು. ಕಿರುಬೆರಳು ಕಪ್ಪಾಗಿತ್ತು. ನಾನು ನೋಡಿದ್ದು ಅದೇ ಮೊದಲಲ್ಲ. ಎರಡು ವಾರದಿಂದ ನೋಡುತ್ತಿದ್ದೆ, ನೋಡಿ ಕಾಲುಚೀಲ ಏರಿಸಿಕೊಳ್ಳುತ್ತಿದ್ದೆ. ನಿನಗೆ ಆ ಸಿಟ್ಟಿನ ಪತ್ರ ಬರೆದ ದಿನವೂ ನೋಡಿದ್ದೆ. ಅದಕ್ಕೇ ಅಷ್ಟು ಕೂಗಿದ್ದು.

ಬೆರಳು ತೆಗೆದರು. ಪಾದ ಉಳಿಯಿತು. ಇನ್ನು ಹತ್ತು ದಿನ ತಡವಾಗಿದ್ದರೆ ಮೊಣಕಾಲಿನವರೆಗೆ ಅಂದರು ಡಾಕ್ಟರು. ನಾನು ಅಮ್ಮನನ್ನು ನೆನೆದೆ.

ಇಲ್ಲೂ ನಿನ್ನಂಥ ಒಬ್ಬ ಹುಡುಗಿ ಬಂದು, "ತಾಯೀ, ಏನೇನು ತಿಂತೀರಿ?" ಅಂತ ಕೇಳಿದಳು. "ಏನೂ ಇಲ್ಲಮ್ಮಾ, ಉಪವಾಸದೋಳು, ಸಾರು ಬ್ರೆಡ್ಡು" ಅಂದೆ. ಅವಳು ಬರೆದುಕೊಂಡು ಹೊರಟಳು. ಬಾಗಿಲವರೆಗೆ ಹೋದವಳನ್ನು ವಾಪಸ್ ಕರೆದೆ. ಕೊಲಿವಾದ ವಿಷಯ ಹೇಳಿದೆ. ಎಷ್ಟು ಅಂದಳು. ಬಟ್ಟಲು ತೋರಿಸಲು ಎರಡು ಕೈ ಸಾಲಲಿಲ್ಲ. ಅವಳು ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆದಳು, ಪಾಪ.

ಪಾದ್ರಿ ಗವ್ರಿಲ್ ನೋಡಲು ಬಂದಿದ್ದರು. ನಿನ್ನ ಪ್ರಶ್ನೆ ಕೇಳಿದೆ, ನನ್ನ ಪ್ರಶ್ನೆ ಅಂತಲೇ ಕೇಳಿದೆ. ಅವರು ಗಡ್ಡ ನೀವಿಕೊಂಡು, "ಸತ್ತವರಿಗೆ ತಲುಪೋದು ಪ್ರಾರ್ಥನೆ ಕಣಮ್ಮ, ಸಕ್ಕರೆ ಅಲ್ಲ. ಒಂದು ಕಾಳು ಬಾಯಿಗೆ ಹಾಕಿ ಬೇಡಿಕೋ, ಸಾಕು. ಉಳಿದದ್ದು ಹಕ್ಕಿಗೆ ಹಾಕು, ಅದೂ ದೇವರದ್ದೇ" ಅಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನೀನು ಕೇಳ್ಲಿಲ್ವಲ್ಲ" ಅಂದರು.

ನಿನ್ನ ಆ ಅಜ್ಜಿಗೆ ಇದನ್ನು ಹೇಳು. ಶನಿವಾರ ತಪ್ಪಿಸಬೇಡ. ನನ್ನನ್ನು ನೋಡಿಕೊಳ್ಳಲು ಇಲ್ಲಿ ಜನ ಇದ್ದಾರೆ, ಅವಳನ್ನು ನೋಡಿಕೊಳ್ಳಲು ನೀನಿರಬೇಕು. ಸಹಿ ಹಾಕಿಸಿಕೊಂಡು ಬಾ. ಹಾಗೇ ಬಂದರೆ ಬಾಗಿಲು ತೆಗೆಯುವುದಿಲ್ಲ.

ಅಕ್ಕ


ಯಾಶ್, 29 ಮೇ 2017

ಅಕ್ಕಾ,

ನಿನ್ನ ಆ ಪತ್ರ ಬಂದಾಗ ಚೀಲ ಹೆಗಲಿನಲ್ಲಿತ್ತು. ಬಾಗಿಲಲ್ಲೇ ನಿಂತು ಓದಿ, ಚೀಲ ಇಳಿಸಿ, ಅತ್ತು, ಮರುದಿನ ವಾರ್ಡಿಗೆ ಹೋದೆ. ಆಮೇಲೆ ಬರೆದ ಚೀಟಿಗಳಲ್ಲಿ ನಿನ್ನ ಗಾಯ ಹೇಗಿದೆ, ಸೂಜಿ ಯಾರು ಹಾಕುತ್ತಾರೆ ಅಂತ ಮಾತ್ರ ಕೇಳಿದೆ. ತರಬೇತಿ ಮುಗಿಯದೆ ನನ್ನ ಸುದ್ದಿ ಹೇಳಬಾರದು ಅಂತ ಇದ್ದೆ. ಈಗ ಹೇಳುತ್ತೇನೆ.

ಆ ಶನಿವಾರವೂ ಸೊಸೆ ಡಬ್ಬಿ ಹಿಡಿದುಕೊಂಡು ಬಂದಳು. ಪಾದ್ರಿಯವರ ಮಾತು ಹೇಳಿದೆ. ಅವಳಿಗೆ ಉರಿಯಿತು. "ಒಂದು ಕಾಳಾ? ನನ್ ಗಂಡ ಏನು ಗುಬ್ಬಚ್ಚೀನಾ?" ಅಂದಳು. ಸಾಫ್ತಾ ಅಜ್ಜಿ ಡಬ್ಬಿಯಲ್ಲಿ ಬೆರಳಿಟ್ಟು, ಸಕ್ಕರೆ ಒರೆಸಿ, ಒಂದೇ ಒಂದು ಕಾಳು ತೆಗೆದಳು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಎಷ್ಟು ಹೊತ್ತು ಅಗಿದಳು ಅಂತೀಯ! ಕೊನೆಗೆ ಕಣ್ಣು ಬಿಟ್ಟು, "ಬಟ್ಟಲು ತಿಂದಾಗ ಅವನ ಮುಖ ಇಷ್ಟು ಚೆನ್ನಾಗಿ ಕಂಡಿರ್ಲಿಲ್ಲ ಕಣೇ" ಅಂದಳು ಸೊಸೆಗೆ. ಮುಂದಿನ ಶನಿವಾರವೂ ಹಾಗೇ. ಸಕ್ಕರೆ ಏರಲಿಲ್ಲ, ಬೀಳಲೂ ಇಲ್ಲ. ಈಸ್ಟರ್ ಆದ ವಾರ ಮನೆಗೆ ಹೋದಳು. ಹೋಗುವಾಗ ನನಗೆ, "ಪೊಲೀಸಮ್ಮಾ, ಮುದ್ದೆ ಒಂದೇ ಮುಷ್ಟಿ, ನೆನಪಿದೆ" ಅಂದಳು.

ಈಗ ಈ ವಾರ್ಡಿನಲ್ಲಿ ರೋಗಿಗಳನ್ನು ಕೇಳುವ ಪ್ರಶ್ನೆಗಳಿಗೆ ಮೇಡಂ ಒಂದನ್ನು ಸೇರಿಸಿದ್ದಾರೆ. ನಿನ್ನೆ ಏನು ತಿಂದಿರಿ ಅಂತ ಕೇಳಿದ ಮೇಲೆ, ಸತ್ತವರ ಹೆಸರಿನಲ್ಲಿ ಏನು ತಿಂದಿರಿ ಅಂತ ಬೇರೆಯಾಗಿ ಕೇಳಬೇಕು. ಇಲಿಂಕಾ ಮೊದಲ ಸಲ ಕೇಳಿದಾಗ ಒಬ್ಬ ತಾತ ಎದ್ದು ಕೂತು, "ಅದನ್ನೂ ಹೇಳ್ಬೇಕಾ!" ಅಂದು, ಅಂಗಿಯ ಜೇಬಿನಿಂದ ಸಿಹಿ ಬ್ರೆಡ್ಡಿನ ತುಂಡು ತೆಗೆದು ಮೇಜಿನ ಮೇಲಿಟ್ಟ. ಅವನ ಹೆಂಡತಿಯ ಹೆಸರಿನದು.

ಮೊನ್ನೆ ಶನಿವಾರ ಮೇಡಂ ಸಹಿ ಹಾಕಿದರು. "ಇನ್ನೂ ಹುಷಾರಾಗೇ ಇರಿ" ಅಂದರು. ಯಾಕೆ ಅಂತ ಈ ಸಲ ಕೇಳಬೇಕಾಗಲಿಲ್ಲ. ಜುಲೈ ಮೊದಲ ವಾರ ಪರೀಕ್ಷೆ. ಮೇಣದ ಬತ್ತಿ ಹಚ್ಚು.

ಪ್ರೊಫಿರಾ


ಬ್ರಾಡೂಲ್ ಮಠ, 5 ಜೂನ್ 2017

ತಂಗೀ,

ಬತ್ತಿ ಹಚ್ಚಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ದಿನಕ್ಕೊಂದು. ಫೇಲಾದರೆ ಮೇಣದ ಬೆಲೆ ನಿನ್ನಿಂದ ವಸೂಲಿ.

ನನ್ನನ್ನು ಒಲೆಯಿಂದ ತೆಗೆದು ತರಕಾರಿ ಹೆಚ್ಚುವ ಮೇಜಿಗೆ ಕೂರಿಸಿದ್ದಾರೆ. ದಿನಾ ಕಾಲು ನೋಡಿಕೊಳ್ಳುತ್ತೇನೆ, ಹಿರಿಯಮ್ಮನವರೂ ನೋಡುತ್ತಾರೆ. ನಾಲ್ಕು ಬೆರಳಿನ ಪಾದ ಹೊಸ ಬೂಟಿಗೆ ಬೇಗ ಒಗ್ಗಿಕೊಂಡಿತು. ಬಾಯಿ ಆರುವುದಿಲ್ಲ. ಈ ಪತ್ರ ನೋಡು, ಅಕ್ಷರ ಚಿಕ್ಕದಾಗಿ ಇಷ್ಟು ಸುದ್ದಿಯೂ ಹಾಳೆಯ ಒಂದೇ ಮಗ್ಗುಲಿಗೆ ಹಿಡಿಸಿತು. ದೀಪ ಅದೇ, ಕನ್ನಡಕವೂ ಅದೇ.

ಮೊನ್ನೆ ಬೇಸಗೆಯ ಹಿರಿಯರ ಶನಿವಾರ. ಬೋಗುಣಿಗಳು ಸಾಲಾಗಿ ಬಂದವು. ಎಲ್ಲರ ಹೆಸರಿಗೂ ಸೇರಿಸಿ ಒಂದು ಕಾಳು ತಿಂದೆ. ಆಮೇಲೆ ಅಮ್ಮನಿಗೆ ಅಂತ ಬೇರೆಯಾಗಿ ಒಂದು ಕಾಳು. ಮೂರನೆಯದಕ್ಕೆ ಕೈ ಹೋಯಿತು, ಮರೆಮಾಚುವುದಿಲ್ಲ. ಗೋಧಿಯ ವಾಸನೆ ಹಾಗಿತ್ತು. ತಡೆದೆ. ಉಳಿದದ್ದನ್ನು ಹೊಸಬಳ ಕೈಯಲ್ಲಿ ಹಿತ್ತಲಿಗೆ ಕಳಿಸಿದೆ. "ಯಾರ ಅಜ್ಜಂದು ತಾಯೀ?" ಅಂತ ಕೇಳಿ ನನ್ನನ್ನೇ ಅಣಕಿಸಿದಳು. ಹಕ್ಕಿಗಳು ಚೆನ್ನಾಗಿ ತಿಂದವು.

ಪಾಸಾಗಿ ಬಾ. ನಮ್ಮ ಊರಿನ ದವಾಖಾನೆಯಲ್ಲಿ ನಿನ್ನ ಕುರ್ಚಿಯ ಎದುರು ಮೊದಲು ಕೂರುವವಳು ನಾನು, ಹಿರಿಯಮ್ಮನವರ ಅಪ್ಪಣೆ ಆಗಿದೆ. ಅಕ್ಕ ಅಂತ ಸಂಕೋಚ ಪಡದೆ, ನಿನ್ನೆ ಏನು ತಿಂದೆ ಅಂತ ಕೇಳು. ಹೇಳುತ್ತೇನೆ. ಸತ್ತವರದ್ದನ್ನೂ ಸೇರಿಸಿ ಹೇಳುತ್ತೇನೆ.

ಅಕ್ಕ